‘ಮಾಡೆಸ್ಟ್’ ಗಾರ್ಚಾಂಪ್‌ನ ಕೈ ಬಿಡಬೇಕೇ?

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ಕಲಬುರಗಿಯಾಗ ಬಿ.ಎಸ್‌ಸಿ. ಎರಡನೇ ವರ್ಷ ಓದ್ಲಿಕತ್ತೀನ್ರಿ. ನಾನು, ನನ್ನ ತಮ್ಮ ಇಬ್ರೂ ‘ಪೋಕೆಮಾನ್ ಸ್ಕಾರ್ಲೆಟ್’ ವಿಡಿಯೊ ಗೇಮ್ ಆಡ್ತೀವಿ. ಇಬ್ಬರ ಹತ್ರಾನೂ ಗಾರ್ಚಾಂಪ್ ಅನ್ನೋ ಡ್ರ್ಯಾಗನ್ ಪೋಕೆಮಾನ್ ಅದ, ಎರಡೂ 50ನೇ ಲೆವೆಲ್. ಆದ್ರ ಯಾವಾಗ ಜಗಳಕ್ಕ ಬಿಟ್ರೂ ಅವಂದೇ ಮೊದಲು ಹೊಡೀತದ, ಅವಂದೇ ಜೋರ್ ಹೊಡೀತದ. ನಂದರ ಗುಣ ‘ಮಾಡೆಸ್ಟ್’, ಅವಂದು ‘ಜಾಲಿ’. ‘ಅಕ್ಕ, ನಿಂದರ ಗುಣಾನೇ ಸರಿ ಇಲ್ಲ, ಬಿಟ್ಟು ಬೇರೆ ಹಿಡಿ’ ಅಂತಾನ. ಗಿಬಲ್ ಅನ್ನೋ ಸಣ್ಣ ಮರಿ ಇದ್ದಾಗಿನಿಂದ ಸಾಕೀನ್ರಿ, ಬಿಡ್ಲಿಕ್ಕೆ ಮನಸ್ಸು ಬರವಲ್ದು. ಬರೇ ಒಂದು ಹೆಸರಿನಿಂದ ಇಷ್ಟು ಫರಕ್ ಹ್ಯಾಂಗ ಬೀಳ್ತದ? ಮೊಬೈಲಿನ ‘ಪೋಕೆಮಾನ್ ಗೋ’ದಾಗ ಇದು ಯಾಕ ಕಾಣಂಗಿಲ್ಲ?

ಉತ್ತರ: ಬಿಡಬೇಡ ತಂಗಿ. ಮೊದಲು ಅಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಿನ್ನ ತಮ್ಮ ಹೇಳಿದ ಫರಕ್ ನಿಜವಾದದ್ದೇ. ಆದರೆ ‘ಗುಣ ಸರಿ ಇಲ್ಲ’ ಎಂಬ ಮಾತು ಅರ್ಧ ಮಾತ್ರ ಸರಿ. ಯಾವ ಕೆಲಸಕ್ಕೆ ಸರಿ ಇಲ್ಲ, ಎಷ್ಟರ ಮಟ್ಟಿಗೆ ಸರಿ ಇಲ್ಲ ಎಂದು ಕೇಳಬೇಕು. ಹಾಗೆ ಕೇಳುತ್ತ ಹೋದರೆ ನೀನು ಸೋಲುವುದಕ್ಕೆ ಮುಖ್ಯ ಕಾರಣ ಮಾಡೆಸ್ಟ್ ಗುಣವೇ ಅಲ್ಲ ಎಂಬುದು ಗೊತ್ತಾಗುತ್ತದೆ. ನೀನು ವಿಜ್ಞಾನದ ವಿದ್ಯಾರ್ಥಿನಿ, ಆದ್ದರಿಂದ ಲೆಕ್ಕ ಸಮೇತ ಹೇಳುತ್ತೇನೆ.

ಒಂದು ಪೋಕೆಮಾನ್‌ನ ಅಟ್ಯಾಕ್, ಸ್ಪೀಡ್ ಮುಂತಾದ ಅಂಕೆಗಳು, ಅಂದರೆ ಸ್ಟ್ಯಾಟ್‌ಗಳು, ಎಲ್ಲಿಂದ ಬರುತ್ತವೆ ನೋಡು. ನಮ್ಮ ತೊಗರಿ ಹೊಲದ ಲೆಕ್ಕದಲ್ಲೇ ಹೇಳುವುದಾದರೆ ತಳಿ, ಕಾಳು, ಗೊಬ್ಬರ. ತಳಿ ಅಂದರೆ ಆ ಬಗೆಯ ಪೋಕೆಮಾನ್‌ಗೆಲ್ಲ ಸಮನಾಗಿರುವ ಬೇಸ್ ಅಂಕ. ಗಾರ್ಚಾಂಪ್‌ನ ಬೇಸ್ ಅಟ್ಯಾಕ್ 130, ಬೇಸ್ ಸ್ಪೀಡ್ 102, ಸ್ಪೆಷಲ್ ಅಟ್ಯಾಕ್ ಬರೀ 80. ಮೈಬಲದ, ಅಂದರೆ ಫಿಸಿಕಲ್ ಹೊಡೆತಕ್ಕೆ ಬಲ ಕೊಡುವುದು ಅಟ್ಯಾಕ್, ಸ್ಪೆಷಲ್ ಎಂಬ ಬಗೆಯ ಹೊಡೆತಕ್ಕೆ ಸ್ಪೆಷಲ್ ಅಟ್ಯಾಕ್. ಕಾಳು ಅಂದರೆ ಹುಟ್ಟುವಾಗಲೇ ಬಂದದ್ದು. ಆಡುವವರು ಅದನ್ನು ಐವಿ ಅನ್ನುತ್ತಾರೆ, ಸೊನ್ನೆಯಿಂದ 31ರವರೆಗೆ ಇರುತ್ತದೆ. ಗೊಬ್ಬರ ಅಂದರೆ ತರಬೇತಿಯಿಂದ ಸೇರುವ ಇವಿ. ಅದು ಒಂದು ಸ್ಟ್ಯಾಟ್‌ಗೆ ಹೆಚ್ಚೆಂದರೆ 252, ಎಲ್ಲ ಸೇರಿ 510. ಬೇಸ್ ಅನ್ನು ಎರಡು ಪಟ್ಟು ಮಾಡಿ, ಅದಕ್ಕೆ ಐವಿ ಸೇರಿಸಿ, ಇವಿಯ ನಾಲ್ಕನೇ ಒಂದು ಭಾಗ ಸೇರಿಸಿ, ಲೆವೆಲ್‌ನಿಂದ ಗುಣಿಸಿ, ನೂರರಿಂದ ಭಾಗಿಸಿ, ಕೊನೆಗೆ 5 ಕೂಡಿಸಬೇಕು. ಭಿನ್ನರಾಶಿ ಬಂದರೆ ಬಿಟ್ಟುಬಿಡುತ್ತಾರೆ. ಎಚ್‌ಪಿಗೆ, ಅಂದರೆ ಜೀವಬಲಕ್ಕೆ, ಮಾತ್ರ ಸೂತ್ರ ಸ್ವಲ್ಪ ಬೇರೆ.

ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ ಗುಣ ಬಂದು ಕೈ ಹಾಕುತ್ತದೆ. ಅದಕ್ಕೆ ಆಟದಲ್ಲಿ ನೇಚರ್ ಎಂದು ಹೆಸರು. ಅದು ಒಂದು ಸ್ಟ್ಯಾಟ್ ಅನ್ನು ಶೇಕಡಾ 10 ಏರಿಸುತ್ತದೆ, ಇನ್ನೊಂದನ್ನು ಶೇಕಡಾ 10 ಇಳಿಸುತ್ತದೆ. ಎಚ್‌ಪಿಯನ್ನು ಮುಟ್ಟುವುದಿಲ್ಲ. ಕೊನೆಯಲ್ಲಿ ಗುಣಿಸುವುದರಿಂದ ತಳಿ, ಕಾಳು, ಗೊಬ್ಬರ ಮೂರರ ಮೇಲೂ ಅದರ ಪರಿಣಾಮ ಬೀಳುತ್ತದೆ. ಲೆವೆಲ್ ಬೆಳೆದ ಹಾಗೆ ಗುಣದ ತೂಕವೂ ಬೆಳೆಯುತ್ತದೆ. ಐವಿ ಪೂರ್ತಿ ಇರುವ 5ನೇ ಲೆವೆಲ್‌ನ ಗಿಬಲ್‌ಗೆ ಅಟ್ಯಾಕ್ 13 ಇದ್ದರೆ ಒಳ್ಳೆ ಗುಣದಿಂದ 14 ಆಗುತ್ತದೆ, ಒಗ್ಗದ ಗುಣದಿಂದ 11. ಭಿನ್ನರಾಶಿ ಬಿಡುವ ಪದ್ಧತಿಯಿಂದ ಇಲ್ಲಿ ಏರುವುದಕ್ಕಿಂತ ಇಳಿಯುವುದೇ ಹೆಚ್ಚು. ಒಂದು ಸ್ಟ್ಯಾಟ್ ಬರೀ 9 ಇದ್ದರೆ ಅದರ ಹತ್ತು ಪರ್ಸೆಂಟ್ ಏರಿಕೆ 9.9, ಅಂದರೆ ಮತ್ತೆ 9. ಇಳಿಕೆಯಾದರೆ 8. ಸಣ್ಣ ಮರಿಯಲ್ಲಿ ಗುಣದ ಲಾಭ ಅಷ್ಟಾಗಿ ಕಾಣಿಸುವುದಿಲ್ಲ. ನಿನ್ನ ಗಿಬಲ್ ಚಿಕ್ಕದಿದ್ದಾಗ ನಿನಗೆ ಏನೂ ಅನಿಸದೆ ಈಗ ಅನಿಸುತ್ತಿರುವುದಕ್ಕೆ ಇದೂ ಒಂದು ಕಾರಣ.

ಗುಣಗಳು ಒಟ್ಟು 25. ಇದನ್ನು ಬಾಯಿಪಾಠ ಮಾಡುವವರನ್ನು ನೋಡಿದ್ದೇನೆ, ಅದರ ಅಗತ್ಯವೇ ಇಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರ ಬರೆದು ಆಡಿದ್ದೀಯಲ್ಲ? ಐದು ಸಾಲು, ಐದು ಕಂಬ, 25 ಮನೆ. ಗುಣಗಳ ಪಟ್ಟಿಯೂ ಹಾಗೆಯೇ ಇದೆ. ಮೇಲಿನಿಂದ ಕೆಳಕ್ಕೆ ಐದು ಸಾಲಿಗೆ ಅಟ್ಯಾಕ್, ಡಿಫೆನ್ಸ್, ಸ್ಪೀಡ್, ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್ ಎಂದು ಹೆಸರಿಡು. ಅದೇ ಕ್ರಮದಲ್ಲಿ ಎಡದಿಂದ ಬಲಕ್ಕೆ ಐದು ಕಂಬಗಳಿಗೂ ಅದೇ ಹೆಸರು. ಸಾಲು ಹೇಳುವುದು ಯಾವುದು ಏರುತ್ತದೆ ಎಂದು, ಕಂಬ ಹೇಳುವುದು ಯಾವುದು ಇಳಿಯುತ್ತದೆ ಎಂದು. ಚೌಕಾಬಾರದಲ್ಲಿ ಅಡ್ಡಗೆರೆ ಎಳೆದ ಮನೆಗಳಲ್ಲಿ ಕಾಯಿ ಸುರಕ್ಷಿತವಾಗಿರುತ್ತದಲ್ಲ, ಇಲ್ಲಿ ಅಂಥ ಐದು ಮನೆ ಮೂಲೆಯಿಂದ ಮೂಲೆಗೆ ಸಾಲಾಗಿ ಇವೆ. ಅಲ್ಲಿ ಏರುವುದೂ ಇಳಿಯುವುದೂ ಒಂದೇ ಸ್ಟ್ಯಾಟ್ ಆದ್ದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾರ್ಡಿ, ಡೋಸೈಲ್, ಸೀರಿಯಸ್, ಬ್ಯಾಶ್‌ಫುಲ್, ಕ್ವರ್ಕಿ ಆ ಐದು. ಉಳಿದ 20 ಮನೆಗಳಲ್ಲಿ ಒಂದು ಕೊಟ್ಟು ಒಂದು ಕಸಿಯುತ್ತವೆ.

ಮನೆಗಳಿಗೆ ಸೊನ್ನೆಯಿಂದ 24ರವರೆಗೆ ಸಂಖ್ಯೆ ಹಾಕು. ನಿನ್ನ ಮಾಡೆಸ್ಟ್ 15ನೇ ಮನೆ. 15ನ್ನು 5ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 0. ಅಟ್ಯಾಕ್‌ನಿಂದ ಸೊನ್ನೆ, ಒಂದು, ಎರಡು, ಮೂರು ಎಂದು ಎಣಿಸಿದರೆ ಮೂರು ಸ್ಪೆಷಲ್ ಅಟ್ಯಾಕ್, ಸೊನ್ನೆ ಅಟ್ಯಾಕ್. ಹಾಗಾಗಿ ಸ್ಪೆಷಲ್ ಅಟ್ಯಾಕ್ ಏರಿ ಅಟ್ಯಾಕ್ ಇಳಿಯುತ್ತದೆ. ತಮ್ಮನ ಜಾಲಿ 13ನೇ ಮನೆ: ಭಾಗಲಬ್ಧ 2, ಶೇಷ 3. ಸ್ಪೀಡ್ ಏರಿ ಸ್ಪೆಷಲ್ ಅಟ್ಯಾಕ್ ಇಳಿಯುತ್ತದೆ. ಮೂರನೇ ಮನೆಯ ಅಡಮಂಟ್‌ಗೆ ಅಟ್ಯಾಕ್ ಏರಿಕೆ, ಸ್ಪೆಷಲ್ ಅಟ್ಯಾಕ್ ಇಳಿಕೆ. ಈ ಕಟ್ಟೋಣದ ಅಂದ ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹೆಸರುಗಳನ್ನೂ ಸುಮ್ಮನೆ ಇಟ್ಟಿಲ್ಲ. ಟಿಮಿಡ್ ಅಂದರೆ ಅಂಜುಬುರುಕ. ಅಂಜುಬುರುಕನಿಗೆ ಕಾಲು ಚುರುಕು, ಕೈ ಸಡಿಲು: ಸ್ಪೀಡ್ ಮೇಲೆ, ಅಟ್ಯಾಕ್ ಕೆಳಗೆ. ಅಡಮಂಟ್ ಹಟಮಾರಿ. ಬ್ರೇವ್ ಧೈರ್ಯವಂತ, ಓಡುವವನಲ್ಲ, ಅದಕ್ಕೆ ಅಟ್ಯಾಕ್ ಮೇಲೆ, ಸ್ಪೀಡ್ ಕೆಳಗೆ. ಹೇಸ್ಟಿ ಅವಸರದವನು, ವೇಗ ಇದೆ, ಮೈಕಾಪು ಇಲ್ಲ. ಲ್ಯಾಕ್ಸ್, ನಾಯೀವ್, ರ್‍ಯಾಶ್, ನಾಟಿ ಈ ನಾಲ್ಕರಲ್ಲೂ ಇಳಿಯುವುದು ಸ್ಪೆಷಲ್ ಡಿಫೆನ್ಸ್.

ಈ ಏರ್ಪಾಡು ಮೊದಲಿನಿಂದ ಇರಲಿಲ್ಲ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟಗಳಲ್ಲಿ ಸ್ಪೆಷಲ್ ಎಂಬುದು ಒಂದೇ ಸ್ಟ್ಯಾಟ್. 1999ರ ‘ಗೋಲ್ಡ್’, ‘ಸಿಲ್ವರ್’ನಲ್ಲಿ ಅದು ಎರಡಾಯಿತು. ಗುಣ ಬಂದದ್ದು 2002ರ ‘ರೂಬಿ’, ‘ಸಫೈರ್’ನಲ್ಲಿ. ಆಗ ಪ್ರತಿಯೊಂದು ಪೋಕೆಮಾನ್‌ಗೂ ಆಟ ಒಳಗೊಳಗೇ ಒಂದು 32 ಬಿಟ್‌ನ ಸಂಖ್ಯೆ ಕೊಡುತ್ತಿತ್ತು, ಅಂದರೆ ಸುಮಾರು 429 ಕೋಟಿ ಸಾಧ್ಯತೆಗಳಲ್ಲಿ ಒಂದು. ಆ ಸಂಖ್ಯೆಯನ್ನು 25ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಅದರ ಗುಣ. ಶೇಷ 15 ಬಂದರೆ ಮಾಡೆಸ್ಟ್. ಅದೇ ಸಂಖ್ಯೆಯ ಬೇರೆ ಬೇರೆ ತುಣುಕುಗಳಿಂದ ಗಂಡೋ ಹೆಣ್ಣೋ, ಯಾವ ಅಬಿಲಿಟಿ (ವಿಶೇಷ ಶಕ್ತಿ), ಸ್ಪಿಂಡಾ ಎಂಬ ಪೋಕೆಮಾನ್‌ನ ಮೈಮೇಲಿನ ಚುಕ್ಕಿ ಎಲ್ಲೆಲ್ಲಿ ಎಂಬುದೂ ತೀರ್ಮಾನವಾಗುತ್ತಿತ್ತು. ಒಂದೇ ಸಂಖ್ಯೆಯೊಳಗೆ ಒಂದು ಜೀವಿಯ ಹಣೆಬರಹ. ಈಗಿನ ಆಟಗಳಲ್ಲಿ ಗುಣವನ್ನು ಬೇರೆಯಾಗಿಯೇ ಬರೆದಿಡುತ್ತಾರೆ.

ಈಗ ನಿನ್ನ ಗಾರ್ಚಾಂಪ್‌ಗೆ ಬರೋಣ. ಎರಡಕ್ಕೂ ಐವಿ ಪೂರ್ತಿ 31, ಇವಿ ಸೊನ್ನೆ ಎಂದಿಟ್ಟುಕೊಳ್ಳೋಣ. ಕಥೆ ಆಡುತ್ತ ಬೆಳೆದ ಪೋಕೆಮಾನ್‌ಗೆ ಅಲ್ಲೊಂದು ಇಲ್ಲೊಂದು ಇವಿ ಸೇರಿರುತ್ತದೆ, ಆದ್ದರಿಂದ ನಿನ್ನ ಪರದೆಯ ಮೇಲಿನ ಅಂಕೆ ಸ್ವಲ್ಪ ಬೇರೆ ಇರಬಹುದು. 50ನೇ ಲೆವೆಲ್‌ನಲ್ಲಿ ಗುಣದ ಪ್ರಭಾವ ಇಲ್ಲದ ಗಾರ್ಚಾಂಪ್‌ನ ಅಟ್ಯಾಕ್ ಸರಿಯಾಗಿ 150. ಅಡಮಂಟ್ ಆದರೆ 165. ನಿನ್ನ ಮಾಡೆಸ್ಟ್‌ಗೆ 135. ತಮ್ಮನ ಜಾಲಿಗೆ 150. ಇನ್ನು ಸ್ಪೀಡ್: ನಿನ್ನದು 122, ಅವನದು 134.

ಮಾಡೆಸ್ಟ್ ಕೊಟ್ಟ ಲಾಭ ಎಲ್ಲಿ ಹೋಯಿತು ಎಂದು ಕೇಳಬಹುದು. ಸ್ಪೆಷಲ್ ಅಟ್ಯಾಕ್ 100 ಇದ್ದದ್ದು 110 ಆಗಿದೆ. ಆದರೆ ಗುಣದಿಂದ ಪೆಟ್ಟು ತಿಂದ ಅಟ್ಯಾಕ್ ಇನ್ನೂ 135 ಇದೆ! ಹತ್ತು ಪರ್ಸೆಂಟ್‌ನಿಂದ ಗುಣ ತಳಿಯನ್ನು ತಿರುಗಿಸಲಾರದು. ನಿನ್ನ ಗಾರ್ಚಾಂಪ್ ಮಾಡೆಸ್ಟ್ ಆದರೂ ಅರ್ತ್‌ಕ್ವೇಕ್, ಡ್ರ್ಯಾಗನ್ ಕ್ಲಾ ಎಂಬ ಫಿಸಿಕಲ್ ಮೂವ್‌ಗಳೇ, ಅಂದರೆ ಹೊಡೆತಗಳೇ, ಅದರ ಕೈಗೆ ಒಗ್ಗಿದ ಹತಾರ. ‘ಗುಣ ಸ್ಪೆಷಲ್ ಅಂತದ, ಆದ್ದರಿಂದ ಸ್ಪೆಷಲ್ ಮೂವ್ ಕಲಿಸ್ತೀನಿ’ ಎಂದು ಕೆಲವರು ಅವಸರ ಮಾಡುತ್ತಾರೆ. ಗಾರ್ಚಾಂಪ್ ವಿಷಯದಲ್ಲಿ ಅದು ನಷ್ಟ.

ಈಗ ಜಗಳಕ್ಕೆ ಬಿಡೋಣ. ಗಾರ್ಚಾಂಪ್‌ನ ಎಚ್‌ಪಿ 183. ಡ್ರ್ಯಾಗನ್ ಜಾತಿಗೆ ಡ್ರ್ಯಾಗನ್ ಏಟು ಎರಡು ಪಟ್ಟು ಬೀಳುತ್ತದೆ. ಕ್ರಿಟಿಕಲ್ (ಅಪರೂಪಕ್ಕೆ ಬೀಳುವ ಜೋರು ಏಟು), ಟೆರಾ (ಜಾತಿ ಬದಲಿಸುವ ಶಕ್ತಿ) ಇವನ್ನೆಲ್ಲ ಬದಿಗಿಟ್ಟರೆ ತಮ್ಮನ ಡ್ರ್ಯಾಗನ್ ಕ್ಲಾ ಒಂದು ಏಟಿಗೆ ಸುಮಾರು 115ರಿಂದ 140 ಕಳೆಯುತ್ತದೆ. ನಿನ್ನದು ಸುಮಾರು 108ರಿಂದ 128. ನಿನ್ನ ಏಟು ಮೆತ್ತಗಿದೆ, ನಿಜ. ಆದರೂ 183 ಮುಗಿಸಲು ಅವನಿಗೂ ಎರಡು ಏಟು ಬೇಕು, ನಿನಗೂ ಎರಡೇ ಏಟು ಸಾಕು. ಇಬ್ಬರಿಗೂ ಎರಡೇ ಆದಾಗ ಗೆಲ್ಲುವುದು ಮೊದಲು ಹೊಡೆದವನು. ನೀನು ನಾಳೆ ಹೋಗಿ ಅಡಮಂಟ್ ಗಾರ್ಚಾಂಪ್ ಹಿಡಿದು ತಂದರೂ ಅಟ್ಯಾಕ್ 165 ಆಗಿ ಏಟು ಹೆಚ್ಚೆಂದರೆ 156ರ ಹತ್ತಿರ ಹೋಗುತ್ತದೆ. ಆಗಲೂ ಎರಡು ಏಟೇ. ಆಗಲೂ ತಮ್ಮನೇ ಗೆಲ್ಲುತ್ತಾನೆ. ಅಟ್ಯಾಕ್‌ನಲ್ಲಿ 30 ಅಂಕ ಸಂಪಾದಿಸಿಯೂ ಫಲಿತಾಂಶ ಬದಲಾಗುವುದಿಲ್ಲ.

ಈ ಮಾತನ್ನು ಸ್ವಲ್ಪ ಹಿಡಿದಿಟ್ಟುಕೋ ತಂಗಿ, ನನ್ನ ಉತ್ತರದ ತಿರುಳು ಇದೇ. ಶೇಕಡಾ 10 ಎಂಬುದು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಅದು ಒಂದು ಗೆರೆ ದಾಟಿಸಿದರೆ ಎಲ್ಲವೂ ಅದೇ, ದಾಟಿಸದಿದ್ದರೆ ಏನೂ ಇಲ್ಲ. ಮೂರು ಏಟಿನ ಕೆಲಸವನ್ನು ಎರಡು ಏಟಿಗೆ ತಂದರೆ ಅಟ್ಯಾಕ್ ಗುಣ ಸಾರ್ಥಕ. ಒಂದು ಏಟಿಗೆ ಸಾಯಬೇಕಾದದ್ದು ಹನಿ ಜೀವ ಹಿಡಿದುಕೊಂಡು ಉಳಿದರೆ ಡಿಫೆನ್ಸ್ ಗುಣ ಸಾರ್ಥಕ. ಸ್ಪೀಡ್ ವಿಷಯದಲ್ಲಂತೂ ಗೆರೆ ಇನ್ನೂ ತೀಕ್ಷ್ಣ. ಒಂದೇ ಅಂಕ ಹೆಚ್ಚಿದ್ದರೂ ಪ್ರತಿ ಸಲ ನಿನ್ನದೇ ಮೊದಲ ಸರದಿ. ಸಮ ಇದ್ದರೆ ಚೀಟಿ ಎತ್ತಿದ ಹಾಗೆ, ಯಾರದು ಬರುತ್ತದೋ ಅವರದು.

ಗಾರ್ಚಾಂಪ್‌ಗೆ ಸ್ಪರ್ಧೆಯವರು ಬಹಳ ವರ್ಷಗಳಿಂದ ಜಾಲಿ ಬೇಕು ಎನ್ನುವುದು ಇದೇ ಕಾರಣಕ್ಕೆ. ಬೇಸ್ ಸ್ಪೀಡ್ 100 ಇರುವವರ ದೊಡ್ಡ ಗುಂಪೇ ಇದೆ: ಚಾರಿಜಾರ್ಡ್, ಸಲಮೆನ್ಸ್, ವೊಲ್ಕರೋನಾ, ಜಪ್ಡಾಸ್, ಮ್ಯೂ. ಸ್ಪೀಡ್‌ಗೆ ಪೂರ್ತಿ ತರಬೇತಿ ಕೊಟ್ಟು, ಸ್ಪೀಡ್ ಏರಿಸುವ ಗುಣವೂ ಇದ್ದರೆ 50ನೇ ಲೆವೆಲ್‌ನಲ್ಲಿ ಇವರೆಲ್ಲ 167ಕ್ಕೆ ನಿಲ್ಲುತ್ತಾರೆ. ಜಾಲಿ ಗಾರ್ಚಾಂಪ್ 169. ಎರಡೇ ಅಂಕದಿಂದ ಇಡೀ ಗುಂಪಿಗಿಂತ ಮುಂದೆ. ಅದೇ ಗಾರ್ಚಾಂಪ್ ಅಡಮಂಟ್ ಆದರೆ 154ಕ್ಕೆ ಇಳಿದು ಇವರೆಲ್ಲರ ಹಿಂದೆ ಬೀಳುತ್ತದೆ. ತಳಿಯಲ್ಲಿ 102 ಎಂದು ಇಟ್ಟ ಆ ಎರಡು ಅಂಕಕ್ಕೆ ಬೆಲೆ ಬರುವುದು ಗುಣ ಜೊತೆಗಿದ್ದಾಗ ಮಾತ್ರ.

ಹಾಗಾದರೆ ವೇಗದ ಗುಣವೇ ಎಲ್ಲಕ್ಕಿಂತ ಮೇಲೋ? ಆಳಂದ ತಾಲ್ಲೂಕಿನ ನಮ್ಮ ಕಾಕಾ ಎತ್ತು ಕೊಳ್ಳಲು ಸಂತೆಗೆ ಹೋಗುವಾಗ ಚಿಕ್ಕಂದಿನಲ್ಲಿ ನಾನೂ ಬೆನ್ನು ಹತ್ತುತ್ತಿದ್ದೆ. ಯಾರಾದರೂ ‘ಯಾವ ಎತ್ತು ಛಲೋ?’ ಎಂದರೆ ಕಾಕಾ ಮೊದಲು ‘ಏನ್ ಕೆಲಸಕ್ಕ?’ ಎಂದೇ ಕೇಳುತ್ತಿದ್ದರು. ಓಟಕ್ಕಾದರೆ ಖಿಲಾರಿ. ನಮ್ಮ ಎರೆ ನೆಲದಲ್ಲಿ ದಿನವಿಡೀ ಎಳೆಯುವುದಕ್ಕೆ, ಮನೆಗೆ ಹಾಲು ಕೊಡುವ ಆಕಳಿಗೆ, ದೇವಣಿ. ದೇವಣಿಗೆ ಓಟ ಬರಲಿಲ್ಲವೆಂದು ಕಾಕಾ ಒಂದು ದಿನವೂ ಬೈದದ್ದಿಲ್ಲ.

ಆಟದಲ್ಲೂ ಹಾಗೆಯೇ, ನಿಧಾನವನ್ನೇ ಬೇಡುವ ತಂಡಗಳಿವೆ. ಟ್ರಿಕ್ ರೂಮ್ ಎಂಬ ಮೂವ್ ಹಾಕಿದರೆ ಐದು ಸರದಿಯವರೆಗೆ ಲೋಕ ತಲೆಕೆಳಗು. ಯಾರು ನಿಧಾನವೋ ಅವರದೇ ಮೊದಲ ಹೊಡೆತ. ಟೋರ್ಕೋಲ್ ಎಂಬ ಆಮೆಯ ಬೇಸ್ ಸ್ಪೀಡ್ ಬರೀ 20. ಅದಕ್ಕೆ ಕ್ವಾಯಟ್ ಗುಣ, ಅಂದರೆ ಸ್ಪೆಷಲ್ ಅಟ್ಯಾಕ್ ಏರಿ ಸ್ಪೀಡ್ ಇಳಿಯುವ ಗುಣ ಹುಡುಕುತ್ತಾರೆ. ಸ್ಪೀಡ್‌ನ ಐವಿಯೂ ಸೊನ್ನೆ ಇರುವುದನ್ನು ಆರಿಸಿದರೆ 50ನೇ ಲೆವೆಲ್‌ನಲ್ಲಿ ಅದರ ಸ್ಪೀಡ್ 22ಕ್ಕೆ ಬರುತ್ತದೆ. ಅದರ ಇರಪ್ಷನ್ ಎಂಬ ಹೊಡೆತಕ್ಕೆ ತನ್ನ ಎಚ್‌ಪಿ ತುಂಬಿದ್ದಾಗಲೇ ಪೂರ್ತಿ ಬಲ. ಆದ್ದರಿಂದ ಏಟು ತಿನ್ನುವ ಮೊದಲೇ ಹೊಡೆಯಬೇಕು, ಹಾಗೆ ಹೊಡೆಯಬೇಕಾದರೆ ಎಲ್ಲರಿಗಿಂತ ನಿಧಾನ ಇರಬೇಕು. ನಿನ್ನ ತಮ್ಮ ಕಸ ಎಂದು ಎಸೆಯುವ ಗುಣ ಅಲ್ಲಿ ಬಂಗಾರ.

ಇಳಿಯುವ ಸ್ಟ್ಯಾಟ್ ಅಂದಕೂಡಲೇ ನಷ್ಟ ಅನ್ನುವುದೂ ಸರಿಯಲ್ಲ. ಸ್ಪೆಷಲ್ ಮೂವ್‌ಗಳಿಂದಲೇ ಹೋರಾಡುವ ಪೋಕೆಮಾನ್‌ಗೆ ಅಟ್ಯಾಕ್ ಎಷ್ಟು ಕಡಿಮೆ ಇದ್ದರೆ ಅಷ್ಟು ಕ್ಷೇಮ. ಫೌಲ್ ಪ್ಲೇ ಎಂಬ ಮೂವ್ ನಿನ್ನ ಅಟ್ಯಾಕ್ ಅನ್ನೇ ಬಳಸಿ ನಿನ್ನನ್ನು ಹೊಡೆಯುತ್ತದೆ. ಕನ್‌ಫ್ಯೂಸ್ ಆಗಿ ತನಗೆ ತಾನೇ ಹೊಡೆದುಕೊಂಡಾಗಲೂ ಲೆಕ್ಕಕ್ಕೆ ಬರುವುದು ತನ್ನದೇ ಅಟ್ಯಾಕ್. ಗಾರ್ಚಾಂಪ್‌ಗೆ ಒಗ್ಗದ ಮಾಡೆಸ್ಟ್, ಒಬ್ಬ ಒಳ್ಳೆಯ ಸ್ಪೆಷಲ್ ಹೋರಾಟಗಾರನಿಗೆ ಎರಡೂ ಕಡೆಯಿಂದ ಲಾಭ ಕೊಡುವ ಗುಣ.

ಇದನ್ನು ನಾನು ಕಲಿತದ್ದು ಟ್ರೀಕೋ ಎಂಬ ಒಂದು ಪೋಕೆಮಾನ್‌ನಿಂದ. ಹೈದರಾಬಾದಿನಲ್ಲಿದ್ದ ನಮ್ಮ ಸೋದರಮಾವ ತಂದುಕೊಟ್ಟ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ನಾನು ‘ರೂಬಿ’ ಆಡುತ್ತಿದ್ದೆ. ಮೇ ತಿಂಗಳ ಕಲಬುರಗಿ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಅಪ್ಪನ ಕೆರೆಯ ದಂಡೆಗೆ ಹೋಗಿ ಕೂತು ಮತ್ತೆ ಅದೇ ಆಟ. ಆ ಟ್ರೀಕೋ ನಿನ್ನ ಗಾರ್ಚಾಂಪ್ ಹಾಗೆ ಮಾಡೆಸ್ಟ್. ಬೆಳೆದು ಸೆಪ್ಟೈಲ್ ಆದ ಮೇಲೆ ಅದರ ಲೀಫ್ ಬ್ಲೇಡ್ ಮುಂದೆ ನಿಲ್ಲುವವರೇ ಇರಲಿಲ್ಲ. ಆಗಿನ ಆಟಗಳಲ್ಲಿ ಹುಲ್ಲಿನ ಜಾತಿಯ ಎಲ್ಲ ಹೊಡೆತವೂ ಸ್ಪೆಷಲ್ ಲೆಕ್ಕ. ಹೆಸರಲ್ಲಿ ಬ್ಲೇಡ್ ಇದ್ದರೂ ಅದಕ್ಕೆ ಬಲ ಬರುತ್ತಿದ್ದದ್ದು ಸ್ಪೆಷಲ್ ಅಟ್ಯಾಕ್‌ನಿಂದ, ಅದನ್ನೇ ಮಾಡೆಸ್ಟ್ ಏರಿಸುತ್ತದೆ.

ಮುಂದೆ ‘ಡೈಮಂಡ್’ ಆಟ ಸಿಕ್ಕಿತು. ಅದು 2006ರಲ್ಲಿ ಬಂದ ಆಟ. ಪಾಲ್ ಪಾರ್ಕ್ ಮೂಲಕ ನನ್ನ ಸೆಪ್ಟೈಲ್ ಅನ್ನು ಹಳೆಯ ಆಟದಿಂದ ಅಲ್ಲಿಗೆ ಕರೆತಂದೆ. ಅದೇ ಪ್ರಾಣಿ, ಅದೇ ಗುಣ, ಅದೇ ಲೀಫ್ ಬ್ಲೇಡ್. ಆದರೆ ಏಟಿನಲ್ಲಿ ಮೊದಲಿನ ಕಸುವು ಇಲ್ಲ. ‘ಡೈಮಂಡ್’, ‘ಪರ್ಲ್’ನಿಂದ ನಿಯಮ ಬದಲಾಗಿತ್ತು. ಜಾತಿ ನೋಡುವುದನ್ನು ಬಿಟ್ಟು ಒಂದೊಂದು ಮೂವ್‌ಗೂ ಇದು ಫಿಸಿಕಲ್, ಇದು ಸ್ಪೆಷಲ್ ಎಂದು ಬೇರೆ ಬೇರೆ ಗುರುತು ಬಂದಿತ್ತು. ಲೀಫ್ ಬ್ಲೇಡ್ ಫಿಸಿಕಲ್ ಆಗಿತ್ತು, ಅಂದರೆ ಮಾಡೆಸ್ಟ್ ಗುಣ ಇಳಿಸುವ ಅಟ್ಯಾಕ್‌ನ ಪಾಲಿಗೆ ಹೋಗಿತ್ತು. ನನಗದು ಗೊತ್ತಿರಲಿಲ್ಲ. ಪ್ರಾಣಿಗೇ ಏನೋ ಆಗಿದೆ ಎಂದುಕೊಂಡು ಅದನ್ನು ಬಾಕ್ಸ್‌ನಲ್ಲಿ ಇಟ್ಟು ತಿಂಗಳುಗಟ್ಟಲೆ ತಿರುಗಿ ನೋಡಲಿಲ್ಲ. ಆಮೇಲೆ ತಿಳಿಯಿತು, ಅದಕ್ಕೆ ಮೂವ್ ಕಲಿಸುವ ಟಿಎಂ 53ರಿಂದ ಎನರ್ಜಿ ಬಾಲ್ ಕಲಿಸಿದ್ದರೆ ಸಾಕಿತ್ತು. ಅದು ಸ್ಪೆಷಲ್ ಮೂವ್. ಕಲಿಸಿದ ದಿನವೇ ಹಳೆಯ ಸೆಪ್ಟೈಲ್ ವಾಪಸ್ ಬಂತು. ಬಾಕ್ಸ್‌ನಲ್ಲಿ ಕಳೆದ ಆ ತಿಂಗಳುಗಳ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ. ನಿನ್ನ ಪತ್ರ ಓದಿದ ಕೂಡಲೇ ‘ಬಿಡಬೇಡ’ ಎಂದು ಬರೆದದ್ದು ಅದರಿಂದ.

ನಿನ್ನ ಗಾರ್ಚಾಂಪ್‌ಗೆ ಮೂವ್ ಬದಲಿಸುವ ದಾರಿ ಇಲ್ಲ, ಅದನ್ನು ಮೇಲೆ ಲೆಕ್ಕದಲ್ಲೇ ನೋಡಿದೆವು. ಬೇರೆ ದಾರಿಗಳಿವೆ.

ಕಥೆ ಮುಗಿಸುವುದಷ್ಟೇ ನಿನ್ನ ಉದ್ದೇಶವಾದರೆ ಏನೂ ಮಾಡಬೇಡ. 56ನೇ ಲೆವೆಲ್‌ಗೆ ಹೋದರೆ ನಿನ್ನ ಮಾಡೆಸ್ಟ್ ಗಾರ್ಚಾಂಪ್‌ನ ಅಟ್ಯಾಕ್ ತಾನಾಗಿಯೇ 150 ಆಗುತ್ತದೆ. ಕಳೆದುಕೊಂಡ ಹತ್ತು ಪರ್ಸೆಂಟ್ ಎಂಬುದು ಆರು ಲೆವೆಲ್‌ನ ಮಾತು. ಅಡಮಂಟ್‌ನ 165 ದಾಟಬೇಕಾದರೂ 62ನೇ ಲೆವೆಲ್ ಸಾಕು. ತರಬೇತಿಯ ಕಡೆಯಿಂದ ನೋಡಿದರೂ ಅಷ್ಟೇ. 50ನೇ ಲೆವೆಲ್‌ನಲ್ಲಿ ಅಟ್ಯಾಕ್‌ಗೆ 252 ಇವಿ ತುಂಬಿದ ಮಾಡೆಸ್ಟ್‌ಗೆ 163, ಒಂದು ಅಂಕವೂ ತರಬೇತಿ ಇಲ್ಲದ ಅಡಮಂಟ್‌ಗೆ 165. ಸಾಕಿದ ಕೈ ಹುಟ್ಟುಗುಣವನ್ನು ಹೆಚ್ಚುಕಡಿಮೆ ತುಂಬಿಕೊಡುತ್ತದೆ.

ಆದರೆ ಎಲ್ಲರನ್ನೂ 50ನೇ ಲೆವೆಲ್‌ಗೆ ತಂದು ಆಡಿಸುವ ಪಂದ್ಯಗಳಲ್ಲಿ ಲೆವೆಲ್‌ನ ದಾರಿ ಮುಚ್ಚಿರುತ್ತದೆ. ಅದಕ್ಕೆ ಮಿಂಟ್ ಇದೆ. 2019ರ ‘ಸ್ವೋರ್ಡ್’, ‘ಶೀಲ್ಡ್’ ಆಟಗಳಿಂದ ಬಂದ ಪುದೀನದಂಥ ಎಲೆ ಇದು. ನೀನು ಆಡುವ ‘ಸ್ಕಾರ್ಲೆಟ್’ನಲ್ಲಿ ಚಾನ್ಸಿ ಸಪ್ಲೈ ಅಂಗಡಿಯಲ್ಲಿ ಆಟದ ಹಣ 20,000 ಕೊಟ್ಟರೆ ಬೇಕಾದ ಗುಣದ ಮಿಂಟ್ ಸಿಗುತ್ತದೆ. ತಿನ್ನಿಸಿದರೆ ಏರಿಳಿತ ಆ ಹೊಸ ಗುಣದ ಪ್ರಕಾರ ಆಗುತ್ತದೆ. ಹುಟ್ಟಿದ ಗುಣದ ಹೆಸರು ಮಾತ್ರ ಹಾಗೇ ಉಳಿಯುತ್ತದೆ. ನಿನ್ನದು ಪರದೆಯ ಮೇಲೆ ಕೊನೆಯವರೆಗೂ ಮಾಡೆಸ್ಟ್. ನನಗೆ ಈ ಏರ್ಪಾಡು ಬಹಳ ಹಿಡಿಸಿತು. ನೀನು ಹಿಡಿದ ದಿನ ಅದು ಯಾರಾಗಿತ್ತೋ ಆ ಗುರುತನ್ನು ಅಳಿಸದೆ ಕೆಲಸಕ್ಕೆ ಬೇಕಾದ ಬಲ ಕೊಡುತ್ತದೆ. ನಿಜವಾಗಿ ಯಾವುದು ಏರಿದೆ, ಯಾವುದು ಇಳಿದಿದೆ ಎಂದು ತಿಳಿಯಲು ಸ್ಟ್ಯಾಟ್ ಹೆಸರುಗಳ ಹತ್ತಿರದ ಬಣ್ಣದ ಗುರುತು ನೋಡು: ಕೆಂಪು ಏರಿದ್ದು, ನೀಲಿ ಇಳಿದದ್ದು. ಈ ಬಣ್ಣದ ಗುರುತು 2009ರ ‘ಹಾರ್ಟ್‌ಗೋಲ್ಡ್’, ‘ಸೋಲ್‌ಸಿಲ್ವರ್’ನಿಂದ ನಡೆದುಬಂದಿದೆ. ಅದಕ್ಕೂ ಮೊದಲು ನಾವು ಕಾಗದದ ಮೇಲೆ ಆ 25 ಮನೆ ಬರೆದು ಆಟದ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದೆವು.

ಒಂದು ಎಚ್ಚರಿಕೆ. ಮಿಂಟ್‌ನ ಗುಣ ಮರಿಗಳಿಗೆ ಹೋಗುವುದಿಲ್ಲ. ತತ್ತಿಯಿಂದ ಮರಿ ಮಾಡಿಸುವಾಗ ತಾಯಿಗೋ ತಂದೆಗೋ ಎವರ್‌ಸ್ಟೋನ್ ಎಂಬ ಕಲ್ಲು ಹಿಡಿಸಿದರೆ ಅದರ ಹುಟ್ಟುಗುಣ ಮರಿಗೆ ಖಾತ್ರಿಯಾಗಿ ಬರುತ್ತದೆ. ಅಂದರೆ ನಿನ್ನ ಗಾರ್ಚಾಂಪ್‌ಗೆ ಹಿಡಿಸಿದರೆ ಮರಿ ಗಿಬಲ್ ಕೂಡ ಮಾಡೆಸ್ಟ್. ಟಾಕ್ಸೆಲ್ ಎಂಬ ಮರಿಯದ್ದೂ ಇದೇ ಕಥೆ. 30ನೇ ಲೆವೆಲ್‌ನಲ್ಲಿ ಅದು ಎರಡು ರೂಪಗಳಲ್ಲಿ ಯಾವುದಾಗುತ್ತದೆ ಎಂಬುದನ್ನು ಹುಟ್ಟುಗುಣವೇ ನಿರ್ಧರಿಸುತ್ತದೆ. 13 ಗುಣಗಳಿಗೆ ಆಂಪ್ಡ್ ರೂಪ, ಉಳಿದ 12ಕ್ಕೆ ಲೋ ಕೀ ರೂಪ. ಮಿಂಟ್ ತಿನ್ನಿಸಿ ಅದನ್ನು ಬದಲಿಸಲಾಗದು.

ರುಚಿಯ ಮಾತೂ ಇದೆ. ಏರುವ ಸ್ಟ್ಯಾಟ್‌ನ ರುಚಿ ಇಷ್ಟ, ಇಳಿಯುವ ಸ್ಟ್ಯಾಟ್‌ನ ರುಚಿ ಆಗದು. ಅಟ್ಯಾಕ್‌ಗೆ ಖಾರ, ಡಿಫೆನ್ಸ್‌ಗೆ ಹುಳಿ, ಸ್ಪೀಡ್‌ಗೆ ಸಿಹಿ, ಸ್ಪೆಷಲ್ ಡಿಫೆನ್ಸ್‌ಗೆ ಕಹಿ, ಸ್ಪೆಷಲ್ ಅಟ್ಯಾಕ್‌ಗೆ ಒಣರುಚಿ. ಮಾಡೆಸ್ಟ್‌ಗೆ ಖಾರ ಆಗುವುದಿಲ್ಲ. ಫಿಗಿ ಹಣ್ಣು ಹಿಡಿಸಿದರೆ ಜೀವವೇನೋ ತುಂಬುತ್ತದೆ, ಜೊತೆಗೆ ತಲೆ ತಿರುಗಿ ಕನ್‌ಫ್ಯೂಸ್ ಆಗುತ್ತದೆ. ಆ ಹಣ್ಣು ನಿನ್ನ ಗಾರ್ಚಾಂಪ್‌ಗೆ ಬೇಡ.

‘ಪೋಕೆಮಾನ್ ಗೋ’ದಲ್ಲಿ ಗುಣ ಕಾಣದಿರುವುದು ಅಲ್ಲಿ ಅದು ಇಲ್ಲದ ಕಾರಣಕ್ಕೆ. ಅಲ್ಲಿರುವುದು ಅಟ್ಯಾಕ್, ಡಿಫೆನ್ಸ್, ಸ್ಟ್ಯಾಮಿನಾ ಮೂರೇ. ಒಂದೊಂದಕ್ಕೂ ಸೊನ್ನೆಯಿಂದ 15ರವರೆಗೆ ಹುಟ್ಟಂಕ. ಅಲ್ಲಿ ನೀನೂ ನಿನ್ನ ತಮ್ಮನೂ ಸರದಿಗೆ ಕಾಯದೆ ಒಟ್ಟಿಗೇ ಪರದೆ ಒತ್ತುತ್ತೀರಿ. ಯಾರು ಮೊದಲು ಎಂದು ತೀರ್ಮಾನಿಸುವ ಸ್ಪೀಡ್ ಎಂಬ ಸ್ಟ್ಯಾಟೇ ಅಲ್ಲಿಲ್ಲ.

ಇನ್ನು ನಿನ್ನ ಮನೆಯ ಜಗಳ. ಅಡಮಂಟ್ ಮಿಂಟ್ ಕೊಳ್ಳಬೇಡ, ಜಾಲಿ ಮಿಂಟ್ ಕೊಳ್ಳು. ಆಗ ಅಟ್ಯಾಕ್ 150, ಸ್ಪೀಡ್ 134, ತಮ್ಮನದಕ್ಕೆ ಸರಿಸಮ, ಮೊದಲ ಏಟು ಚೀಟಿ ಎತ್ತಿದ ಹಾಗೆ. ಅದೇ ಅಂಗಡಿಯಲ್ಲಿ ಕಾರ್ಬೋಸ್ ಎಂಬ ಟಾನಿಕ್ ಇರುತ್ತದೆ, ಒಂದಕ್ಕೆ ಸ್ಪೀಡ್‌ನ 10 ಇವಿ ಸೇರುತ್ತದೆ. ನಾವು ಹಿಡಿದ ಲೆಕ್ಕದಲ್ಲಿ ಒಂದೇ ಒಂದು ಕಾರ್ಬೋಸ್‌ಗೆ ನಿನ್ನ ಸ್ಪೀಡ್ 135. ಕೊಳ್ಳುವ ಮುಂಚೆ ತಮ್ಮನ ಪರದೆಯ ಮೇಲೆ ಅವನ ಗಾರ್ಚಾಂಪ್‌ನ ಸ್ಪೀಡ್ ಎಷ್ಟಿದೆ ಎಂದು ನೋಡಿಕೋ. ಅದಕ್ಕಿಂತ ಒಂದು ಹೆಚ್ಚು ಬರುವವರೆಗೆ ಕುಡಿಸು, ಅಲ್ಲಿಗೆ ನಿಲ್ಲಿಸು.